ಒಲೆಯಲ್ಲಿ ಮೂಡಿದ ಮೂರು ಸಂಕೇತಗಳು

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಾಗ ಚಹಾದ ಬಗ್ಗೆ ಗ್ರಂಥ ಬರೆದ, ಎಂಟನೆಯ ಶತಮಾನದ ಚೀನಾದ ಲು ಯು ನೆನಪಾದ. ಬೌದ್ಧ ವಿಹಾರದಲ್ಲಿ ಬೆಳೆದರೂ ಭಿಕ್ಷುವಾಗಲು ಒಪ್ಪದ ಈತ, ತಾನೇ ರೂಪಿಸಿದ ಮೂರು ಕಾಲಿನ ಒಲೆಯಲ್ಲಿ ಗಾಳಿ, ಬೆಂಕಿ, ನೀರುಗಳ ಪ್ರಾಚೀನ ಸಂಕೇತಗಳನ್ನು ಮೂಡಿಸಿದ್ದ. ಗಾಳಿ ಬೆಂಕಿಯನ್ನು ಎಬ್ಬಿಸುತ್ತದೆ, ಬೆಂಕಿ ನೀರನ್ನು ಕುದಿಸುತ್ತದೆ ಎಂಬುದು ಅದರ ತಾತ್ಪರ್ಯ. ಚೀನೀಯರು ನಂಬಿದ್ದ ಐದು ಮೂಲತತ್ತ್ವಗಳ ಸಮತೋಲದಿಂದ ನೂರು ರೋಗ ದೂರ ಎಂಬ ಬರಹವೂ ಒಂದು ಕಾಲಿನ ಮೇಲಿತ್ತಂತೆ. ನನ್ನ ಗ್ಯಾಸ್ ಒಲೆಯ ಮೇಲಿರುವುದು ಕಂಪನಿಯ ಹೆಸರು ಮಾತ್ರ.

ಚೀನಾದ ಕಸೂತಿಯಲ್ಲೂ ಇದೇ ಬಗೆಯ ಶ್ರದ್ಧೆ ಕಾಣುತ್ತದೆ. ಬುದ್ಧನ ರೂಪವನ್ನು ಹೊಲಿಯುವುದೇ ಪುಣ್ಯವೆಂದು ನಂಬಿದ್ದವರ ಕಾಲದ್ದು, ದುನ್‌ಹುವಾಂಗ್ ಗುಹೆಯಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಎರಡು ಮೀಟರಿಗೂ ಎತ್ತರದ ರೇಷ್ಮೆಯ ಬುದ್ಧ. ಅದರ ಕೆಳಅಂಚಿನಲ್ಲಿ, ಅದನ್ನು ಮಾಡಿಸಿದ ದಾನಿಗಳು ಪುಟ್ಟದಾಗಿ, ದಾರದಲ್ಲೇ ಮಂಡಿಯೂರಿ ಕುಳಿತಿದ್ದಾರೆ.