ಪ್ಲಗ್ ಬೆಳ್ಳಗಾಯ್ತು ಅಂತ ಪ್ಲಗ್ ಬದಲಾಯಿಸ್ತಾ ಕೂತಿದ್ದೆ

ನಮ್ಮನೇಲಿ ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಬೈಕ್ ಒಂದಿದೆ, ಟೂ ಸ್ಟ್ರೋಕ್ ಗಾಡಿ. ಮೈಸೂರಲ್ಲಿ ಇದೇನ್ ದೊಡ್ಡ ವಿಷ್ಯ ಅಲ್ಲ ಬಿಡಿ, 1961ರಿಂದ 1996ರ ತನಕ ಯಾದವಗಿರಿ ಫ್ಯಾಕ್ಟರೀಲೇ ಜಾವಾ, ಯೆಜ್ಡಿ ತಯಾರಾಗ್ತಿದ್ದ ಊರು ಇದು, ನಾವ್ ಚಿಕ್ಕೋರಿದ್ದಾಗ ಬೀದಿಗೊಬ್ರಾದ್ರೂ 'ಜಾವಾದಲ್ಲಿ ಕೆಲ್ಸ' ಅನ್ನೋರು ಸಿಗ್ತಿದ್ರು. ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡಿರೋ ಫ್ರೆಂಡ್ಸು ಇಂಜಿನ್ ಮ್ಯಾನೇಜ್‌ಮೆಂಟು, ಇಸಿಯು (ಇಂಜಿನ್ ನೋಡ್ಕೊಳ್ಳೋ ಕಂಪ್ಯೂಟರ್ರು), ಮ್ಯಾಪಿಂಗು ಅಂತ ಲ್ಯಾಪ್‌ಟಾಪ್ ತೆಗೀತಾರೆ. ನನ್ ಗಾಡೀಲಿ ಮ್ಯಾನೇಜರ್ ಅಂದ್ರೆ ಬಿಟ್ಕೊಂಡಾಗ ಕಿಡಿ ಬೀಳಿಸೋ ಪಾಯಿಂಟ್ ಸೆಟ್ಟು, ಅದ್ರ ಜೊತೆಗಾರ ಕಂಡೆನ್ಸರ್ರು, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ರು. ಮೂರೂ ಮೊಂಡು.

ಮಂಡ್ಯದಲ್ಲಿ ಅತ್ತೆ ಮನೆ. ಹೊಸ ಹೈವೇಲಿ ಟೂವೀಲರ್ ಬಿಡಲ್ವಲ್ಲ, ಸರ್ವಿಸ್ ರೋಡಲ್ಲೇ ಹೋಗ್ತಿದ್ದೆ, ಯಲಿಯೂರು ಸರ್ಕಲ್ ಇನ್ನೇನ್ ಬಂತು ಅನ್ನೋವಾಗ ಗಾಡಿ ಎಳ್ಯೋದೇ ನಿಲ್ಲಿಸ್ತು, ಕ್ಲಚ್ ಹಿಡಿಯೋಷ್ಟರಲ್ಲಿ ಇಂಜಿನ್ ಕಚ್ಕೊಂಡ್ ನಿಂತೇ ಹೋಯ್ತು. ಇಪ್ಪತ್ ನಿಮಿಷ ಆರಿಸಿ ಕಿಕ್ ಹೊಡೆದ್ರೆ ಸ್ಟಾರ್ಟ್ ಆಯ್ತು, ಸದ್ಯ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರೆ ಸುಣ್ಣ ಬಳಿದಂಗೆ ಬಿಳೀ. ಇರ್ಬೇಕಾಗಿದ್ದು ಕಾಫಿ ಪುಡಿ ಬಣ್ಣ.

ಬಿಸಿ ಜಾಸ್ತಿ ಆಗಿದೆ, ಹಂಗಾದ್ರೆ ಕೋಲ್ಡ್ ಪ್ಲಗ್, ಅಂದ್ರೆ ತನ್ನ ಬಿಸಿ ಬೇಗ ಬಿಟ್ಕೊಡೋ ಪ್ಲಗ್ ಹಾಕೋಣ ಅಂತ ನನ್ನ ಲೆಕ್ಕ. ನಾನು ಹಾಕ್ತಿದ್ದಿದ್ದು ಎನ್‌ಜಿಕೆ ಕಂಪನಿ ಬಿ7ಎಚ್‌ಎಸ್. ಇದ್ರಲ್ಲಿ ಬಿ ಅಂದ್ರೆ 14 ಮಿ.ಮೀ ಮರೆ (ಥ್ರೆಡ್ಡು), 7 ಅಂದ್ರೆ ಹೀಟ್ ರೇಂಜು, ಪ್ಲಗ್ ಎಷ್ಟು ಕೋಲ್ಡು ಎಷ್ಟು ಹಾಟು ಅನ್ನೋ ನಂಬರ್ರು, ಎಚ್ ಅಂದ್ರೆ ಮರೆ ಉದ್ದ 12.7 ಮಿ.ಮೀ. ಎಚ್ ಇರೋ ಕಡೆ ಇ ಅಂತಿದ್ರೆ ಅದು 19 ಮಿ.ಮೀ ಉದ್ದ, ನಮ್ ಗಾಡಿಗೆ ಅದನ್ನ ತಿರುಗಿಸಿದ್ರೆ ಪಿಸ್ಟನ್ ತಲೆಗೇ ಬಡಿಯಬಹುದು, ಅಂಗಡಿಯವ್ರು 'ಎಲ್ಲಾ ಒಂದೇ ಸಾ' ಅಂದ್ರೂ ನಂಬ್ಬೇಡಿ. ಇನ್ನೊಂದು ತಲೆನೋವು ಅಂದ್ರೆ ಎನ್‌ಜಿಕೆಲಿ ನಂಬರ್ ಏರಿದಂಗೆ ಪ್ಲಗ್ ಕೋಲ್ಡು, ಬಾಷ್‌ನಲ್ಲಿ ನಂಬರ್ ಏರಿದಂಗೆ ಹಾಟು, ಪೂರ್ತಿ ಉಲ್ಟಾ. ಬಿ7ಎಚ್‌ಎಸ್‌ಗೆ ಬಾಷ್‌ನಲ್ಲಿ ಜೋಡಿ ಡಬ್ಲ್ಯು5ಎಸಿ. ಗೊತ್ತಿಲ್ದೆ ಡಬ್ಲ್ಯು7 ತಗೊಂಡ್ರೆ ಕೋಲ್ಡ್ ಬೇಕಿದ್ದ ಕಡೆ ಹಾಟ್ ಕೂತಿರುತ್ತೆ.

ಸರಿ, ಬಿ8ಎಚ್‌ಎಸ್ ಮೂರು ತಂದೆ. ಸಿಟೀಲಿ ಎರಡೇ ದಿನಕ್ಕೆ ಮೊದಲ್ನೇದು ಮಸಿ ಹಿಡೀತು, ಅಗ್ರಹಾರ ಸರ್ಕಲ್‌ನಲ್ಲಿ ಕಿಕ್ ಹೊಡ್ದೂ ಹೊಡ್ದೂ ಕಾಲ್ ಸೋತ್ ಹೋಯ್ತು. ಕೋಲ್ಡ್ ಪ್ಲಗ್ ನಿಧಾನಕ್ಕೆ ಓಡ್ಸೋವಾಗ ತನ್ನ ಮೇಲಿನ ಮಸಿ ತಾನೇ ಸುಟ್ಕೊಳ್ಳೋಷ್ಟು ಬಿಸಿ ಆಗಲ್ಲ ಅಷ್ಟೇ. ಆದ್ರೆ ರಿಂಗ್ ರೋಡಲ್ಲಿ ಎಳೆದ್ರೆ ಇಂಜಿನ್ ಮತ್ತದೇ ಬಿಸಿ.

ಕೊನೆಗೆ ಅಪ್ಪನ ಗಾಡಿ ನೋಡ್ತಿದ್ದ ಯಜಮಾನ್ರ ಹತ್ರ ಹೋದೆ. ಜಾವಾದಲ್ಲಿ ಅಸೆಂಬ್ಲಿ ಲೈನಲ್ಲಿದ್ದೋರು, ಈಗ ಮನೆ ಮುಂದೆ ಚಪ್ಪರ ಹಾಕ್ಕೊಂಡು ಹಳೇ ಗಾಡಿ ಮಾತ್ರ ಮುಟ್ತಾರೆ. ಪ್ಲಗ್ ನೋಡಿದ್ರು, ಟ್ಯಾಂಕ್ ಮುಚ್ಚಳ ತೆಗೆದು ಮೂಸಿದ್ರು.

'ಸೌದೆ ಬೇರೆ ಹಾಕಿದೀಯ ಕಣಪ್ಪ, ಪಾತ್ರೆ ಬದಲಾಯಿಸ್ತಾ ಕೂತಿದೀಯಲ್ಲ.'

ಅವ್ರು ಹೇಳಿದ್ದು ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್ ವಿಷ್ಯ. ಬರೀ ಪೆಟ್ರೋಲ್ ಒಂದು ಕೆಜಿ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು, ಹಂಗ್ ಬೆರೆಸಿದ್ರೆ ಲೆಕ್ಕ ಹೆಚ್ಚುಕಮ್ಮಿ 13.5ಕ್ಕೆ ಇಳಿಯುತ್ತೆ. ಅಂದ್ರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಹೋಗ್ಬೇಕು. ಇಂಜೆಕ್ಷನ್ ಗಾಡೀಲಿ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಅದನ್ನ ಸರಿ ಮಾಡ್ಕೊಳ್ಳುತ್ತೆ, ನಮ್ ಕಾರ್ಬೊರೇಟರ್ ಜೆಟ್ಟು ಪೆಟ್ರೋಲ್ ಹೋಗೋ ಬರೀ ಹಿತ್ತಾಳೆ ತೂತು, ಅದಕ್ಕೇನ್ ಗೊತ್ತು? ಲೀನ್ ಆಗಿ, ಅಂದ್ರೆ ಗಾಳಿ ಜಾಸ್ತಿ ಇಂಧನ ಕಮ್ಮಿ ಆಗಿ ಉರಿದು ಇಂಜಿನ್ ಕಾಯ್ತು. ಮಂಡ್ಯದ ಕಬ್ಬು ತಿಂದು ಬೆಳೆದೋನು ನಾನು, ಈಗ ಕಬ್ಬಿನ ಎಥನಾಲ್ ಕುಡಿದ ಗಾಡಿ ಮಂಡ್ಯ ದಾರೀಲೇ ಕೈ ಕೊಡ್ತು ನೋಡಿ.

ನಾನ್ ಮಾಡ್ಕೊಂಡಿದ್ದ ಘನಕಾರ್ಯ ಇನ್ನೂ ಎರಡಿತ್ತು. ಟೂ ಸ್ಟ್ರೋಕ್ ಗಾಡೀಲಿ ಪೆಟ್ರೋಲಿಗೇ ಬೆರೆಸೋ ಟೂಟಿ ಆಯಿಲ್ಲನ್ನ ಸೇಫ್ಟಿಗೆ ಅಂತ ಲೀಟರಿಗೆ 40 ಎಂಎಲ್ ಹಾಕೋ ಕಡೆ 50 ಎಂಎಲ್ ಹಾಕ್ತಿದ್ದೆ, ಆದ್ರೆ ಜೆಟ್ಟಿನ ತೂತು ಅಷ್ಟೇ ಇರುತ್ತಲ್ಲ, ಆಯಿಲ್ ಜಾಸ್ತಿ ಆದಷ್ಟೂ ಪೆಟ್ರೋಲ್ ಕಮ್ಮಿ ಹೋಗುತ್ತೆ, ಇನ್ನೂ ಲೀನು! ಇನ್ನೊಂದು ಪಾಯಿಂಟ್ ಗ್ಯಾಪು. 0.4 ಮಿ.ಮೀ ಇಡ್ಬೇಕಾಗಿದ್ದನ್ನ ಕಣ್ಣಳತೇಲಿ ಇಟ್ಟಿದ್ದೆ, ಯಜಮಾನ್ರು ಫೀಲರ್ ಗೇಜ್ ತೂರಿಸಿದ್ರೆ 0.5 ಆರಾಮಾಗಿ ಒಳಗ್ ಹೋಯ್ತು. ಗ್ಯಾಪ್ ಜಾಸ್ತಿ ಆದ್ರೆ ಪಾಯಿಂಟ್ ಬೇಗ ಬಿಟ್ಕೊಳ್ಳುತ್ತೆ, ಕಿಡಿ ಬೇಗ ಬೀಳುತ್ತೆ, ಅಂದ್ರೆ ಟೈಮಿಂಗ್ ಅಡ್ವಾನ್ಸ್, ಅದ್ರಿಂದ ಇನ್ನಷ್ಟು ಬಿಸಿ. ಇಷ್ಟೆಲ್ಲಾ ಮಾಡಿ ನಾನ್ ಪ್ಲಗ್ಗನ್ನ ಬೈತಿದ್ದೆ.

ಅವತ್ತು ಮಧ್ಯಾಹ್ನ ಪೂರ್ತಿ ಅಲ್ಲೇ ಕೂತೆ. ಗ್ಯಾಪ್ ಸರಿ ಮಾಡಿ, ಪ್ಲಗ್ ತೂತಲ್ಲಿ ಡಯಲ್ ಗೇಜ್ ಇಳಿಸಿ, ಪಿಸ್ಟನ್ ಮೇಲ್ಗಡೆ ಮುಟ್ಟೋಕೆ 3 ಮಿ.ಮೀ ಇದೆ ಅನ್ನೋ ಕಡೆ ನಿಲ್ಲಿಸಿ, ಪಾಯಿಂಟ್ ಮಧ್ಯೆ ಸಿಗರೇಟ್ ಪ್ಯಾಕಿನ ತೆಳು ಪೇಪರ್ ಸಿಗಿಸಿದ್ರು. ಪೇಪರ್ ಸಡ್ಲ ಆಗಿ ಜಾರಿದ ಕ್ಷಣ ಕಿಡಿ ಬೀಳೋ ಕ್ಷಣ. ಗ್ಯಾಪ್ ಮುಟ್ಟಿದಾಗೆಲ್ಲ ಟೈಮಿಂಗ್ ಮತ್ತೆ ನೋಡ್ಲೇಬೇಕಂತೆ, ಒಂದನ್ನ ಮಾಡಿ ಇನ್ನೊಂದನ್ನ ಬಿಟ್ರೆ ಎರಡೂ ಕೆಟ್ಟಂಗೆ. ಆಮೇಲೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದ್ರು, ಆಯಿಲ್ ವಾಪಸ್ 40ಕ್ಕೆ, ಪ್ಲಗ್ ಹೊಸಾ ಬಿ7ಎಚ್‌ಎಸ್, ಗ್ಯಾಪ್ 0.6.

ಚೆಕ್ ಮಾಡಿದ್ದು ರಿಂಗ್ ರೋಡಲ್ಲಿ, ಬೆಳಿಗ್ಗೆ ಆರಕ್ಕೆ. ಮೂರನೇ ಗೇರಲ್ಲಿ ಫುಲ್ ಥ್ರಾಟಲ್ ಎಳೆದು, ಹಂಗೇ ಕ್ಲಚ್ ಹಿಡಿದು ಇಗ್ನಿಷನ್ ಆಫ್ ಮಾಡಿ ಸೈಡಿಗೆ ಉರುಳಿಸ್ಕೊಂಡ್ ಹೋಗಿ ಪ್ಲಗ್ ಬಿಚ್ಚೋದು. ಮೆಲ್ಲಗೆ ಮನೆಗ್ ಬಂದು ಬಿಚ್ಚಿದ್ರೆ ಕಾಣೋದು ಮನೆಗ್ ಬಂದ ದಾರಿಯ ಬಣ್ಣ, ಎಳೆದಾಗಿನದ್ದಲ್ಲ. ಮೊದಲ್ನೇ ಸಲ ಇನ್ನೂ ಬಿಳಿಚ್ಕೊಂಡೇ ಇತ್ತು, ಇನ್ನೊಂದು ಸೈಜ್ ಏರಿಸಿದ್ಮೇಲೆ ಪಿಂಗಾಣಿ ಬುಡದಲ್ಲಿ ಸಣ್ಣಗೆ ಕಂದು ಉಂಗುರ ಕಾಣಿಸ್ತು. ವಾಕಿಂಗ್ ಬಂದಿದ್ದ ಅಂಕಲ್ ಒಬ್ರು ನಿಂತು 'ಕೆಟ್ಟೋಯ್ತೇನಪ್ಪ' ಅಂದ್ರು. ಇಲ್ಲ ಅಂಕಲ್, ಸರಿ ಹೋಯ್ತು ಅಂದೆ, ಅವ್ರಿಗೆ ಅರ್ಥ ಆಗ್ಲಿಲ್ಲ.

ಆಮೇಲೆ ಮಂಡ್ಯಕ್ಕೆ ಎರಡ್ ಸಲ ಹೋಗ್ ಬಂದೆ, ಯಲಿಯೂರಲ್ಲಿ ಟೀ ಕುಡಿಯೋಕೆ ಬಿಟ್ರೆ ನಿಲ್ಲಿಸ್ಲಿಲ್ಲ. ಉಳಿದ ಎರಡು ಬಿ8ಎಚ್‌ಎಸ್ ಟೂಲ್ ಬಾಕ್ಸಲ್ಲಿ ಬಿದ್ದಿವೆ, ಪ್ಯಾಕ್ ಕೂಡ ಒಡೆದಿಲ್ಲ, ಯಾರಿಗಾದ್ರೂ ಬೇಕಿದ್ರೆ ಹೇಳಿ.