ಉಪ್ಪಿನಕಾಯಿಗಿಂತ ಬೇಗ ಕೆಟ್ಟ ವಿಡಿಯೋ

ಮೂಡಿಗೆರೆ ದಾಟಿದರೆ ನಮ್ಮನೆ ಹತ್ತಿರ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಂತೂ ಕರೆಂಟೂ ಇಲ್ಲ. ಅದಕ್ಕೇ ಜೂನ್‌ನಲ್ಲಿ ಚಿಕ್ಕಮಗಳೂರು ಬಸ್ ಸ್ಟ್ಯಾಂಡಲ್ಲಿ ಕೂತು, ಹಳೇ ಫೋನಿಗೆ ಯೂಟ್ಯೂಬ್ ಆ್ಯಪಲ್ಲಿ 6 ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ವಿಡಿಯೋ ಇಳಿಸಿಕೊಂಡು ಹೋಗಿ ಅಮ್ಮನಿಗೆ ಕೊಟ್ಟಿದ್ದೆ. 144ಪಿ, ಅಂದರೆ ತೀರಾ ಮಸುಕು ಚಿತ್ರವೇ ಸಾಕು ಅಂದುಕೊಂಡೆ. ತಾಳಮದ್ದಳೆಯಲ್ಲಿ ಮುಖ ಮಸುಕಾದರೇನು, ಮಾತು ಕೇಳಿದರೆ ಆಯ್ತು, ಅಲ್ವಾ?

ಮೊನ್ನೆ ಹೋದರೆ ಒಂದೂ ತೆರೆಯುತ್ತಿಲ್ಲ. ಯೂಟ್ಯೂಬಲ್ಲಿ ಇಳಿಸಿದ್ದು ಆ್ಯಪ್ ಒಳಗೇ ಇರುತ್ತದೆ, ಗ್ಯಾಲರಿಗೆ ಬರುವುದಿಲ್ಲ. ಆಗಾಗ ಇಂಟರ್ನೆಟ್ಟಿಗೆ ಮುಖ ತೋರಿಸದಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮದು ಅಂತ ಸುಮ್ನೆ ಅಂದುಕೊಂಡಿರುತ್ತೇವೆ, ನಿಜಕ್ಕೂ ಎರವಲು.

"ನನ್ನ ಮಿಡಿ ಉಪ್ಪಿನಕಾಯಿ ಇದಕ್ಕಿಂತ ಜಾಸ್ತಿ ದಿನ ಬರುತ್ತೆ ಕಣೋ" ಎಂದಳು ಅಮ್ಮ.

ಕೊನೆಗೆ ಗ್ಯಾಲರಿಯಲ್ಲಿ ಸಿಕ್ಕಿದ್ದು ಅತ್ತಿಗೆ ಹಿಂದೆಂದೋ ವಾಟ್ಸಾಪಲ್ಲಿ ಕಳಿಸಿದ್ದ ಪತ್ರೊಡೆ ವಿಡಿಯೋ. ಬ್ಯಾಟರಿ ಮುಗಿಯುವವರೆಗೆ ಅದನ್ನೇ 4 ಸಲ ನೋಡಿದಳು. ಹುಣಸೆಹುಳಿ ಕಡಿಮೆಯಂತೆ.