ಸಮುದ್ರದ ನೀರು ಎಲ್ಲಿಂದ ತರಿಸ್ತೀರಾ?

ತರಿಸಲ್ಲ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಇರುವ ನೀಲಿ ಡ್ರಮ್ಮಿನಲ್ಲಿ ನಾನೇ ಕಲಸುತ್ತೇನೆ. ಉತ್ತರ ಇಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದನ್ನೇ ಅವರ ಫೋನಿಗೆ ಕಳಿಸಿ ನಾನು ಕಾಫಿ ಮಾಡಲು ಒಳಗೆ ಹೋಗುತ್ತೇನೆ.

ನಮ್ಮ ಹಾಲ್‌ನಲ್ಲಿ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಬೆಂಗಳೂರು, ಎರಡನೇ ಮಹಡಿ. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಈ ಪ್ರಶ್ನೆ. ಅದೂ ಗಮನಿಸಿ, ‘ತರ್ತೀರಾ’ ಅಲ್ಲ, ‘ತರಿಸ್ತೀರಾ’. ಆ ‘ಇಸು’ ಪ್ರತ್ಯಯದೊಳಗೆ ನನ್ನ ಬಗ್ಗೆ ಒಂದು ಪೂರ್ತಿ ತೀರ್ಪೇ ಇದೆ: ಇವನಿಗೆ ದುಡ್ಡು ಜಾಸ್ತಿ, ಮಂಗಳೂರಿಂದ ಟ್ಯಾಂಕರ್ ಬರುತ್ತೆ, ಕೆಳಗಿನ ಮನೆಯವರು ಬೇಸಿಗೆಯಲ್ಲಿ ಬಕೆಟ್ ಹಿಡಿದು ನಿಂತಿದ್ದರೂ ಇವನ ಮೀನಿಗೆ ಅರಬ್ಬೀ ಸಮುದ್ರ ಬೇಕು.

‘ಉಪ್ಪು ಕಲಸ್ತೀನಿ’ ಅಂದರೆ ಎರಡನೇ ಪ್ರಶ್ನೆ ತಯಾರಿರುತ್ತೆ. ‘ಅಂದ್ರೆ ಕಲ್ಲುಪ್ಪಾ? ಅದೂ ಸಮುದ್ರದ್ದೇ ಅಲ್ವಾ?’ ಇದು ಅಷ್ಟು ದಡ್ಡ ಪ್ರಶ್ನೆ ಅಲ್ಲ, ಒಪ್ಪುತ್ತೇನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ನೂರಕ್ಕೆ 85 ಪಾಲು ನಮ್ಮ ಅಡುಗೆ ಉಪ್ಪಿನ ಸೋಡಿಯಂ, ಕ್ಲೋರೈಡೇ. ತೊಂದರೆ ಇರುವುದು ಮಿಕ್ಕ 15ರಲ್ಲಿ: ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟಾಸಿಯಂ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೋಡಿದವರಿಗೆ ಗೊತ್ತು, ಉಪ್ಪು ಬೆಳೆಯುವುದೆಂದರೆ ನೀರನ್ನು ಪೂರ್ತಿ ಇಂಗಿಸುವುದಲ್ಲ. ಬಿಸಿಲಿಗೆ ನೀರು ಗಟ್ಟಿಯಾಗುತ್ತಾ ಹೋದಂತೆ ಮೊದಲು ಕ್ಯಾಲ್ಸಿಯಂ ಜಿಪ್ಸಮ್ಮಾಗಿ ತಳ ಸೇರುತ್ತೆ, ಆಮೇಲೆ ಉಪ್ಪು ಹರಳುಗಟ್ಟುತ್ತೆ. ಉಳಿದ ಕಹಿ ನೀರಿನಲ್ಲಿ ಮೆಗ್ನೀಸಿಯಂ ಹೊರಗೆ ಹೋಗುತ್ತೆ. ಆ ಕಹಿ ಹೋಗಿರುವುದರಿಂದಲೇ ಕಲ್ಲುಪ್ಪು ಸಾರಿಗೆ ರುಚಿ, ಮೀನಿನ ತೊಟ್ಟಿಗೆ ಅಪೂರ್ಣ. ಅದಕ್ಕೇ ಅಂಗಡಿಯಲ್ಲಿ ಎಲ್ಲವನ್ನೂ ಲೆಕ್ಕದಲ್ಲಿ ಬೆರೆಸಿದ ಪುಡಿ ಬಕೆಟ್ಟಿನಲ್ಲಿ ಸಿಗುತ್ತೆ. ನಲ್ಲಿಯಲ್ಲಿ ಬರುವ ಕಾವೇರಿ-ಬೋರ್‌ವೆಲ್ ಮಿಶ್ರಣವನ್ನು ಆರ್‌ಒ ಮಾಡಿ, ಅದರ ಮೇಲೆ ಉಳಿದ ಲವಣವನ್ನೂ ಹಿಡಿಯುವ ರೆಸಿನ್ ದಾಟಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಪುಡಿ ಹಾಕಿ, ಒಂದು ರಾತ್ರಿ ಪಂಪ್ ತಿರುಗಿಸಿ, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 (ಸಿಹಿನೀರಿಗೆ 1.000) ನೋಡಿದರೆ ಆಯಿತು. ಗಾಳಿಗೆ ಇಂಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತೆ. ಆದ್ದರಿಂದ ದಿನಾ ಕಡಿಮೆಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು. ಇಡ್ಲಿ ಹಿಟ್ಟಿಗೆ ಇದಕ್ಕಿಂತ ಹೆಚ್ಚು ಜಾಣತನ ಬೇಕು.

ಇದನ್ನೆಲ್ಲ ನಾನು ಒಬ್ಬರಿಗೆ ಎರಡು ಸಲ ಪೂರ್ತಿ ವಿವರಿಸಿದ್ದೇನೆ. ಕುಂದಾಪುರದ ನಮ್ಮ ಭಾವನಿಗೆ.

ಅಮ್ಮನಿಗೆ ಎಪ್ಪತ್ತು ತುಂಬಿದ ವರ್ಷ, ಆಷಾಢದಲ್ಲಿ ಅಕ್ಕ-ಭಾವ ಕಾರಿನಲ್ಲಿ ಬಂದರು. ಭಾವ ಇಳಿದವರೇ ಡಿಕ್ಕಿ ತೆಗೆದು, ಮಗುವನ್ನು ತೋರಿಸುವ ಹಾಗೆ ತೋರಿಸಿದರು: ಇಪ್ಪತ್ತು ಲೀಟರಿನ ಮೂರು ಕ್ಯಾನ್. ‘ಮರವಂತೆ ನೀರ್ ಮಾರಾಯ. ನಿನ್ನ ಮೀನಿಗೆ ಅಂದೇಳಿ ನಾನೇ ತುಂಬ್ಸಿದ್ದ್.’ ಶಿರಾಡಿ ಘಾಟಿಯ ತಿರುವುಗಳಲ್ಲಿ ಒಂದರ ಮುಚ್ಚಳ ಸಡಿಲವಾಗಿ ಅಕ್ಕ ತಂದ ಹಲಸಿನ ಹಪ್ಪಳದ ಕಟ್ಟು ಅರ್ಧ ನೆಂದಿತ್ತು. ಡಿಕ್ಕಿಯಿಂದ ಮೀನು ಮಾರ್ಕೆಟ್ಟಿನ ಮಧ್ಯಾಹ್ನದ ವಾಸನೆ. ತಪ್ಪು ಅವರದಲ್ಲ. ಸಮುದ್ರದ ನೀರು ಬರೀ ನೀರಲ್ಲ, ಅದರ ತುಂಬ ಕಣ್ಣಿಗೆ ಕಾಣದ ಜೀವ. ಬಿಸಿ ಡಿಕ್ಕಿಯಲ್ಲಿ, ಮುಚ್ಚಿದ ಕ್ಯಾನಿನಲ್ಲಿ ಅವು ಸತ್ತು ಕೊಳೆಯುತ್ತವೆ.

ಭಾವನ ಎದುರಿಗೇ ಅಳೆದೆ. 1.017. ‘ಇದು ಸಮುದ್ರ ಅಲ್ಲ ಭಾವ, ಮುಕ್ಕಾಲು ಸಮುದ್ರವೂ ಅಲ್ಲ’ ಅಂದುಬಿಟ್ಟೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಪಕ್ಕದ ಗಂಗೊಳ್ಳಿಯಲ್ಲಿ ಐದು ನದಿಗಳು ಒಟ್ಟಿಗೆ ಬಂದು ಸೇರುತ್ತವೆ. ಆಷಾಢದ ಮಳೆಯಲ್ಲಿ ಆ ದಡದ ನೀರು ತೆಳುವಾಗದೆ ಇನ್ನೇನಾಗಬೇಕು? ನಾನು ಹೇಳಿದ್ದು ಸರಿ. ಹೇಳಬಾರದಿತ್ತು. ಭಾವನ ಮುಖ ಸಪ್ಪಗಾಯಿತು, ಅಕ್ಕ ಅಡುಗೆಮನೆಯಿಂದಲೇ ನನ್ನನ್ನು ನೋಡಿದಳು. ಮೂರು ದಿನ ಆ ಕ್ಯಾನುಗಳನ್ನು ಟ್ಯಾಂಕಿನ ಪಕ್ಕ ಗೌರವದಿಂದ ಇಟ್ಟು, ಅವರು ಊರಿಗೆ ಹೊರಟ ರಾತ್ರಿ ಬಚ್ಚಲಿಗೆ ಸುರಿದೆ. ಇವತ್ತಿಗೂ ಟಾಪ್‌ಅಪ್ ನೀರು ತುಂಬಿಡುವುದು ಅದೇ ಕ್ಯಾನುಗಳಲ್ಲಿ.

ಇನ್ನು ಬಿಡಿಬಿಡಿ ಪ್ರಶ್ನೆಗಳು. ಇಲ್ಲ, ಬಂಡೆ ನಿಜವಾದ ಹವಳ ಅಲ್ಲ. ಹವಳದ ಗಟ್ಟಿ ಜಾತಿಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ, ಹುಲಿ ಇರುವ ಪಟ್ಟಿಗೆ, ಸೇರಿಸಿದ್ದಾರೆ. ನನ್ನದು ಸಿಮೆಂಟಿಗೆ ಚಿಪ್ಪಿನ ಚೂರು ಬೆರೆಸಿ ಎರಕ ಹೊಯ್ದು ತಿಂಗಳುಗಟ್ಟಲೆ ನೀರಲ್ಲಿ ನೆನೆಹಾಕಿದ ಬಂಡೆ. ಈಶಾನ್ಯ ಮೂಲೆಯಲ್ಲಿ ಯಾಕಿಟ್ಟಿಲ್ಲ ಅನ್ನುವವರಿಗೆ ಉತ್ತರ ಮುಂದೆ ಬರುತ್ತೆ, ಅದು ವಾಸ್ತುವಿನದಲ್ಲ. ತಿನ್ನಬಹುದಾ ಅಂತ ಕೇಳಿದವರಿಗೆ ಕಾಫಿಯೂ ಇಲ್ಲ.

ನೀರಿನ ಬಗ್ಗೆ ಇಷ್ಟು ಜನ ಕೇಳುತ್ತಾರಲ್ಲ, ಆ ನೀರು ಯಾವುದರ ಮೇಲೆ ನಿಂತಿದೆ ಅಂತ ಇಷ್ಟು ವರ್ಷದಲ್ಲಿ ಕೇಳಿದ್ದು ಒಬ್ಬರೇ. ನಮ್ಮ ಕೆಳಗಿನ ಮನೆಯ ಟೀಚರ್. ನಿವೃತ್ತರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು. ಲಿಫ್ಟಿನಲ್ಲಿ ಹಿಡಿಸದ ಖಾಲಿ ಟ್ಯಾಂಕನ್ನು ಆರು ಜನ ಮೆಟ್ಟಿಲ ಮೇಲೆ ಹೊತ್ತು ತರುವಾಗ ಬಾಗಿಲಲ್ಲಿ ನಿಂತು ನೋಡಿದರು. ‘ಇಪ್ಪತ್ತು ಘನ ಅಡಿ. ಅಂದ್ರೆ ನೀರೇ ಅರ್ಧ ಟನ್ ಮೇಲಾಯ್ತು. ನಮ್ಮ ಮಂಚ ಸರಿಯಾಗಿ ಅದರ ಕೆಳಗೆ ಬರುತ್ತಲ್ಲಪ್ಪ?’

ಹೌದು ಮೇಡಂ, ಅದನ್ನೆಲ್ಲ ನೋಡಿದ್ದೀನಿ ಅಂದೆ. ಸುಳ್ಳು. ಅಲ್ಲಿಯವರೆಗೆ ನಾನು ನೋಡಿದ್ದು ಮೀನುಗಳನ್ನು ಮಾತ್ರ. ಹಾಲ್ ಮತ್ತು ಡೈನಿಂಗ್ ನಡುವೆ, ಎರಡೂ ಕಡೆಯಿಂದ ಕಾಣುವ ಹಾಗೆ ಇಡುವ ಕನಸಿತ್ತು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನೀರು 510 ಕಿಲೋ. 12 ಮಿಲಿಮೀಟರ್ ಗಾಜು ನೂರು ಚಿಲ್ಲರೆ. ಬಂಡೆ, ಮರಳು ನೂರು. ಸ್ಟ್ಯಾಂಡಿನೊಳಗೆ ಕೂರುವ ನೀರು ಸೋಸುವ ತೊಟ್ಟಿ, ಅಂದರೆ ಸಂಪ್, ತುಂಬಿದಾಗ 130. ಸ್ಟ್ಯಾಂಡ್ 60. ಒಟ್ಟು 900 ಕಿಲೋ: ನಾಲ್ಕು ಜನ ಹತ್ತಿ ಕೂತ ಮಾರುತಿ 800. ಮನೆಯ ಕೋಣೆಗಳ ಮೇಲೆ ಬೀಳುವ ಭಾರವನ್ನು ಕಟ್ಟಡಗಳ ಭಾರಕ್ಕಿರುವ ಭಾರತೀಯ ಮಾನದಂಡ ಐಎಸ್ 875, ಚದರ ಮೀಟರಿಗೆ ಸುಮಾರು 200 ಕಿಲೋ ಅಂತ ಹಿಡಿಯುತ್ತೆ. ನನ್ನ ಕಾರು ನಿಲ್ಲುವ ಜಾಗ ಒಂದು ಚದರ ಮೀಟರೂ ಇಲ್ಲ. ಟ್ಯಾಂಕ್ ಒಂದು ತಿಂಗಳು ಬಾಲ್ಕನಿಯಲ್ಲಿ ಖಾಲಿ ಕೂತಿತು. ಸ್ಟ್ರಕ್ಚರಲ್ ಎಂಜಿನಿಯರ್ ಬಂದರು, ಕಟ್ಟಡದ ನಕ್ಷೆ ಬಿಚ್ಚಿದರು, ನನ್ನ ಕನಸಿನ ಜಾಗವನ್ನು ನೋಡಿ ತಲೆ ಆಡಿಸಿದರು. ಸ್ಲ್ಯಾಬಿನ ನಡುಭಾಗ ಹಲಗೆಯ ನಡುಭಾಗದ ಹಾಗೆ, ಬಾಗುವುದು ಅಲ್ಲೇ. ಕಾಲಂ ಪಕ್ಕದಲ್ಲಿ, ಕೆಳಗೆ ತೊಲೆ ಹಾದಿರುವ ಗೋಡೆಗೆ ಉದ್ದವನ್ನು ಒತ್ತಿ ಇಡಿ ಅಂದರು. ಅದು ನೈಋತ್ಯ. ವಾಸ್ತುವಿನವರು ಇದನ್ನು ತೊಲೆಯ ಹತ್ತಿರ ಮಾತಾಡಿಕೊಳ್ಳಲಿ.

ಆಮೇಲೆ ಸ್ಟ್ಯಾಂಡು. ವೆಲ್ಡಿಂಗ್ ಶಾಪಿನವರು ‘ಗೇಟಿನ ಪೈಪೇ ಸಾಕು ಸಾರ್’ ಅಂದರು. ಹಟ ಹಿಡಿದು 50ಕ್ಕೆ 50ರ ಚೌಕ ಪೈಪು, 3 ಮಿಲಿಮೀಟರ್ ದಪ್ಪದ್ದು ಹಾಕಿಸಿದೆ. ಭದ್ರವಾಗಲಿ ಅಂತ ಮುಂದುಗಡೆ ನಡುವೆ ಒಂದು ಕಾಲು ಜಾಸ್ತಿ ಕೇಳಿದವನೂ ನಾನೇ. ಸ್ಟ್ಯಾಂಡ್ ಮನೆಗೆ ಬಂದ ಮೇಲೆ ಗೊತ್ತಾಯಿತು, ಮೂರಡಿಯ ಸಂಪ್ ಆ ಕಾಲಿನಿಂದಾಗಿ ಒಳಗೆ ಹೋಗುವುದಿಲ್ಲ. (ಸಂಪ್ ಅಂದಾಗ ಅಮ್ಮ ‘ಬಿಲ್ಡಿಂಗಿಗೆ ಒಂದಿದೆಯಲ್ಲ, ಇನ್ನೊಂದು ಯಾಕೆ’ ಅಂದಿದ್ದರು. ಟ್ಯಾಂಕಿನಿಂದ ಇಳಿದ ನೀರು ಸೋಸಿ ಮೇಲೇರುವ ಗಾಜಿನ ತೊಟ್ಟಿ ಅದು. ಕರೆಂಟ್ ಹೋಗಿ ಪಂಪ್ ನಿಂತಾಗ ಮೇಲಿನಿಂದ ಹಿಂದೆ ಸುರಿಯುವ ನೀರಿಗೂ ಅದರಲ್ಲಿ ಜಾಗ ಬಿಡಬೇಕು, ಇಲ್ಲದಿದ್ದರೆ ಟೀಚರ್ ಮಂಚದ ಮೇಲೆ ತೊಟ್ಟಿಕ್ಕುತ್ತೆ.) ಕೊನೆಗೆ ಪಕ್ಕದ ಅಡ್ಡಪಟ್ಟಿ ಕತ್ತರಿಸಿ, ಸಂಪನ್ನು ಅಲ್ಲಿಂದ ತಳ್ಳಿ, ಮತ್ತೆ ವೆಲ್ಡ್ ಮಾಡಿಸಿದೆವು. ಅದು ಒಡೆದರೆ ತೆಗೆಯುವ ದಾರಿ ಇಲ್ಲ. ಯೋಚಿಸುವುದಿಲ್ಲ.

ರಸಮಟ್ಟ ಇಟ್ಟು ನೋಡಿದಾಗ ಗುಳ್ಳೆ ನಡುವಿನಲ್ಲೇ ಇತ್ತು. ಮೇಲೆ 19 ಮಿಲಿಮೀಟರ್ ಪ್ಲೈ, ಅದರ ಮೇಲೆ ಥರ್ಮಕೋಲ್, ಅದರ ಮೇಲೆ ಟ್ಯಾಂಕ್, ಕಾಲು ಭಾಗ ನಲ್ಲಿ ನೀರು ತುಂಬಿ ಪರೀಕ್ಷೆ. ಟೇಪ್ ಹಿಡಿದರೆ ಎಡತುದಿಗೂ ಬಲತುದಿಗೂ ಐದು ಮಿಲಿಮೀಟರ್ ವ್ಯತ್ಯಾಸ. ಒಂದಡಿಯ ರಸಮಟ್ಟ ಐದಡಿಯ ಸತ್ಯ ಹೇಳುವುದಿಲ್ಲ, ನೀರು ಹೇಳುತ್ತೆ. ಥರ್ಮಕೋಲು ಸಣ್ಣ ಉಬ್ಬುತಗ್ಗನ್ನು ನುಂಗುತ್ತೆ, ಓರೆಯನ್ನಲ್ಲ. ಕೆಳಗಿನ ಚೌಕಟ್ಟು ತಿರುಚಿಕೊಂಡಿದ್ದರೆ ಆ ತಿರುಚು ಗಾಜಿನ ಸಿಲಿಕೋನ್ ಅಂಚಿಗೆ ಹೋಗುತ್ತೆ, ಅದು ಬಿಡುವುದು ಯಾವ ನಡುರಾತ್ರಿಯೋ. ನೀರೆಲ್ಲ ಪೈಪಿನಲ್ಲಿ ಬಚ್ಚಲಿಗೆ ಇಳಿಸಿ, ಟ್ಯಾಂಕ್ ಎತ್ತಿಸಿ, ಕಾಲುಗಳ ಕೆಳಗೆ ಸ್ಟೀಲ್ ತಗಡು ಕೊಟ್ಟು, ಮತ್ತೆ ತುಂಬಿದೆವು. ಒಂದು ಭಾನುವಾರ ಪೂರ್ತಿ.

ಸಂಜೆ ಟೀಚರನ್ನು ಕರೆದು ಲೆಕ್ಕ, ತೊಲೆ, ತಗಡು ಎಲ್ಲ ತೋರಿಸಿದೆ. ಬಗ್ಗಿ, ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮೀನು ಇನ್ನೂ ಬಂದಿರಲಿಲ್ಲ, ಮೀನಿನ ಕೊಳೆಯ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಯಾಗಲು ಐದಾರು ವಾರ ಬೇಕಿತ್ತು. ಆ ಮೀನಿಲ್ಲದ ಟ್ಯಾಂಕನ್ನು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ. ‘ಲೆಕ್ಕ ಸರಿಯಿದೆ’ ಅಂದರು. ಮಂಚವನ್ನು ಮಾತ್ರ ಮರುದಿನ ಆಚೆ ಗೋಡೆಗೆ ಸರಿಸಿಕೊಂಡರು.

ಈಗ ಬೆಸುಗೆಯ ಒಂದು ಮೂಲೆಯಲ್ಲಿ ಉಪ್ಪು ಬಿಳಿಯಾಗಿ ಹತ್ತಿ, ಅದರಡಿ ತುಕ್ಕು ಕಾಣಿಸಿದೆ. ಉಜ್ಜಿ ರೆಡ್ ಆಕ್ಸೈಡ್ ಹೊಡೆಯಬೇಕು. ಅದನ್ನು ಬಿಟ್ಟು ಕೂತು ಇದನ್ನು ಬರೆಯುತ್ತಿರುವುದಕ್ಕೆ ಕಾರಣ, ನಿನ್ನೆ ಭಾವ ಫೋನ್ ಮಾಡಿದ್ದರು. ದೀಪಾವಳಿಗೆ ಬರುತ್ತಾರಂತೆ. ನಾನು ಹೇಳಿದ ಪಾಠ ಅವರಿಗೆ ಚೆನ್ನಾಗಿ ನೆನಪಿದೆ.

‘ಈ ಸಲ ಮಳಿ ನಿಂತಿತ್ತ್ ಮಾರಾಯ, ಉಪ್ಪ್ ಸಮಾ ಇತ್ತ್. ಎಷ್ಟ್ ಕ್ಯಾನ್ ತರ್ಲಿ?’